ಹೆಪ್ಪುಗಟ್ಟಿದ ಬಾವಿಯ ಹತ್ತಿರ ಕೇಳಿಸಿದ ಬಡಿತ

ಓದಿ ನಗು ಬಂದರೆ ನಗಿ, ನನ್ನ ಅಭ್ಯಂತರ ಇಲ್ಲ. ಆದರೆ ಇದರಲ್ಲಿ ನಾನು ಸೇರಿಸಿದ್ದು ಅಂತ ಏನೂ ಇಲ್ಲ. ಆ ರಾತ್ರಿ ನನ್ನ ಜೊತೆ ಫೋನಿನಲ್ಲಿ ಇದ್ದವರು ಇವತ್ತಿಗೂ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿದ್ದಾರೆ. ನಾನು ಕೇಳಿದ್ದನ್ನ ಅವರೂ ಕೇಳಿದ್ದಾರೆ. ಅವರು ಇಲ್ಲದೇ ಹೋಗಿದ್ದರೆ ನನಗೆ ತಲೆ ಕೆಟ್ಟಿತ್ತು ಅಂತ ಅಂದುಕೊಂಡು ಸುಮ್ಮನಿರಬಹುದಿತ್ತು.

ನನ್ನ ಹೆಸರು ಶ್ರೀಕಂಠ. ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಅನ್ನೋ ಊರಲ್ಲಿ, ಫ್ರೀವೇ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಆಫೀಸು. ಒಂದು ಸಣ್ಣ ಎಣ್ಣೆ ಕಂಪನಿಗೆ ಎಂಜಿನಿಯರ್. ಇಲ್ಲಿರೋ ನಮ್ಮವರು ಹೆಚ್ಚಿನವರು ಸಾಫ್ಟ್‌ವೇರು. ಎಣ್ಣೆ ಬಾವಿ ನೋಡ್ಕೋತೀನಿ ಅಂದ್ರೆ, ಪೆಟ್ರೋಲ್ ಏನಾದ್ರೂ ಕಮ್ಮಿಗೆ ಸಿಗುತ್ತಾ ಅಂತ ತಮಾಷೆ ಮಾಡ್ತಾರೆ. ನಾನೂ ನಗ್ತೀನಿ.

ಬಾವಿಗಳು ಇರೋದು ದೂರ. ಪಶ್ಚಿಮಕ್ಕೆ ಐದು ಗಂಟೆ ಡ್ರೈವ್ ಮಾಡಿ ಮಿಡ್‌ಲ್ಯಾಂಡ್ ದಾಟಬೇಕು. ಆಮೇಲೆ ಇನ್ನೂ ಒಂದೂವರೆ ಗಂಟೆ. ಕೊನೇ ಹನ್ನೆರಡು ಮೈಲಿ ಮಣ್ಣಿನ ರಸ್ತೆ. ಸುತ್ತ ಮುಳ್ಳುಕಂಟಿ ಬಿಟ್ಟರೆ ಮರ ಇಲ್ಲ, ಮನೆ ಇಲ್ಲ.

ಟೆಕ್ಸಸ್ ಅಂದ್ರೆ ಬಿಸಿಲು ಅಂತ ಎಲ್ಲರೂ ತಿಳಿದಿರ್ತಾರೆ. ಚಳಿ ಬಂದಾಗ ಈ ಬಾವಿಗಳ ಪಾಡು ಬೇಡ. ಎಣ್ಣೆ ಒಂದೇ ಮೇಲೆ ಬರೋದಿಲ್ಲ, ನೀರೂ ಗ್ಯಾಸೂ ಬೆರೆತು ಬರುತ್ತೆ. ಆ ನೀರು ಪೈಪಿನೊಳಗೇ ಹೆಪ್ಪುಗಟ್ಟಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಒತ್ತಡ ಏರಿ ಬಾವಿ ತಾನಾಗೇ ನಿಲ್ಲುತ್ತೆ. ಬಿಟ್ಟರೆ ಪೈಪು ಒಡೆಯುತ್ತೆ. ಅದಕ್ಕೆ ಮೆಥನಾಲ್ ಅನ್ನೋ ಸ್ಪಿರಿಟ್ಟನ್ನ ಒಂದು ಪುಟ್ಟ ಪಂಪಿನಿಂದ ಪೈಪಿಗೆ ಬಿಡ್ತಾ ಇರಬೇಕು. ಜಾಸ್ತಿ ಚಳಿಯಾದ್ರೆ ಆ ಪಂಪೂ ನಿಲ್ಲುತ್ತೆ. ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ ಅಂತ ಹೇಳೋ ಮೀಟರೂ ಹೆಪ್ಪುಗಟ್ಟಿ, ಹ್ಯೂಸ್ಟನ್ ಕಂಟ್ರೋಲ್ ರೂಮಿನ ಸ್ಕ್ರೀನಿಗೆ ಗಂಟೆಗಟ್ಟಲೆ ಒಂದೇ ಸಂಖ್ಯೆ ತೋರಿಸ್ತಾ ಕೂರುತ್ತೆ.

ಆಗ ಮನುಷ್ಯನೇ ಹೋಗಿ ನೋಡಬೇಕು.

ಆ ಮನುಷ್ಯ ವೆಂಡೆಲ್. ಅರವತ್ತು ದಾಟಿದವನು, ಹತ್ತೊಂಬತ್ತು ವರ್ಷದಿಂದ ಅಲ್ಲಿನ ಆರು ಬಾವಿ ನೋಡಿಕೊಳ್ತಿದ್ದ. ಸ್ಕ್ರೀನು ಮೀಟರು ಯಾವುದನ್ನೂ ನಂಬದ ಆಸಾಮಿ. ಪೈಪಿನ ಉದ್ದಕ್ಕೂ ಸ್ಪ್ಯಾನರಿನಿಂದ ತಟ್ಟುತ್ತಾ ನಡೆಯೋನು. ಠಣ್... ಠಣ್... ಠಣ್... ಒಂದು ಕಡೆ ಮಾತ್ರ ಠಪ್ ಅಂತ ಸತ್ತ ಸದ್ದು ಬರೋದು. ಐಸ್ ಅಲ್ಲೇ. ಯಾವಾಗಲೂ ಬಾಯಲ್ಲಿ ಒಂದು ಥರದ ತಂಬಾಕು. ಅದರ ವಾಸನೆ ಥೇಟ್ ನಮ್ಮ ಅಯೋಡೆಕ್ಸ್. ಮೊದಲ ಸಲ ಭೇಟಿಯಾದಾಗ, ಪಾಪ, ಸೊಂಟ ನೋವಿರಬೇಕು ಅಂದುಕೊಂಡಿದ್ದೆ.

ಪೈಪುಗಳಿಗೆ ಹೊದಿಕೆ ಹಾಕಿಸಿ, ಟ್ಯಾಂಕಿನ ಕಬ್ಬಿಣದ ಮೆಟ್ಟಿಲಿಗೆ ಜಾರದ ಪಟ್ಟಿ ಹಾಕಿಸಿ ಅಂತ ಅವನು ಎರಡು ಸಲ ಕೇಳಿದ್ದ. ಎರಡು ಸಲವೂ 'ಮುಂದಿನ ವರ್ಷ ನೋಡೋಣ' ಅಂತ ಬರೆದು ಸಹಿ ಹಾಕಿದವನು ನಾನು.

ಆ ಚಳಿಗಾಲದಲ್ಲಿ ಒಂದು ರಾತ್ರಿ ಮೈನಸ್ ಹನ್ನೆರಡಕ್ಕೆ ಇಳಿಯಿತು. ಆರರಲ್ಲಿ ಒಂದು ಬಾವಿ ನಿಂತಿತು. ಹ್ಯೂಸ್ಟನ್‌ನಿಂದ ಮ್ಯಾನೇಜರ್ ಫೋನ್ ಮಾಡಿ ನನ್ನನ್ನ ಎಬ್ಬಿಸಿದ, ನಾನು ವೆಂಡೆಲ್‌ನನ್ನ ಎಬ್ಬಿಸಿದೆ. ರಸ್ತೆ ಪೂರ್ತಿ ಐಸ್, ಬೆಳಗಾಗಲಿ, ರೂಬೆನ್‌ನನ್ನ ಕರ್ಕೊಂಡು ಹೋಗ್ತೀನಿ ಅಂದ. ರೂಬೆನ್ ಅಂದ್ರೆ ಪಕ್ಕದ ಬಾವಿಗಳನ್ನ ನೋಡೋನು. ಮೇಲಿನವರು ಕೇಳ್ತಾ ಇದ್ದಾರೆ, ಸುಮ್ಮನೆ ಒಂದ್ಸಲ ನೋಡ್ಕೊಂಡು ಬಂದುಬಿಡು ಅಂದೆ ನಾನು.

ಅವನು ಎದ್ದು ಕೂತ ಸದ್ದು ಕೇಳಿಸಿತು. ಆಮೇಲೆ, "ಸರಿ ಶ್ರೀ" ಅಂದ.

ನಮ್ಮಪ್ಪ ಗಣಿಯಲ್ಲಿ ಮೇಸ್ತ್ರಿ ಆಗಿದ್ದವರು. ತಾವು ಕೆಳಗಿಳಿಸಿದ ಕೊನೇ ಮನುಷ್ಯ ಮೇಲೆ ಬರೋ ತನಕ ಮನೆಗೆ ಬರ್ತಿರಲಿಲ್ಲ, ಎಷ್ಟು ಹೊತ್ತಾದರೂ. ನಾನು ಫೋನ್ ಇಟ್ಟು, ರಜಾಯಿ ಎಳಕೊಂಡು ಮಲಗಿದೆ. ನಿದ್ದೆ ಚೆನ್ನಾಗೇ ಬಂತು.

ಬೆಳಿಗ್ಗೆ ರೂಬೆನ್ ಹೋಗಿ ನೋಡಿದಾಗ ವೆಂಡೆಲ್ ಟ್ಯಾಂಕಿನ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದ. ಪೈಪಿನ ಐಸ್ ಬಿಡಿಸಿದ್ದಾನೆ, ಮೆಥನಾಲ್ ಹರಿಸಿದ್ದಾನೆ. ಆಮೇಲೆ ಎಣ್ಣೆ ಮಟ್ಟ ನೋಡೋಕೆ ಮೆಟ್ಟಿಲು ಹತ್ತುವಾಗ ಜಾರಿದ್ದಾನೆ. ಫೋನು ಗಾಡಿಯಲ್ಲೇ ಇತ್ತು. ಅವನು ಬಿಡಿಸಿದ ಪೈಪಿನಲ್ಲಿ ಆ ವಾರವೆಲ್ಲ ಎಣ್ಣೆ ಹರಿಯಿತು.

ವರದಿ ಬರೆಯೋ ಕೆಲಸ ನನಗೇ ಬಂತು. ಮೊದಲ ಪ್ರತಿಯಲ್ಲಿ ನನ್ನ ಫೋನಿನ ವಿಷಯ ಇತ್ತು. ಅಪಘಾತಕ್ಕೂ ಅದಕ್ಕೂ ಸಂಬಂಧ ಇಲ್ಲವಲ್ಲ ಅಂದ ಮ್ಯಾನೇಜರ್. ನಾನು ಆ ಸಾಲು ಅಳಿಸಿದೆ. 'ನಿಯಮ ಮೀರಿ ಒಬ್ಬನೇ ಹತ್ತಿದ್ದಾನೆ' ಅಂತ ಬರೆದೆ. 'ಬಿದ್ದ ತಕ್ಷಣ ಪ್ರಜ್ಞೆ ತಪ್ಪಿರಬಹುದು' ಅಂತಲೂ ಬರೆದೆ. ರೂಬೆನ್ ನನಗೆ ಇನ್ನೊಂದು ವಿಷಯ ಹೇಳಿದ್ದ. ಅದನ್ನ ಬರೆಯಲೇ ಇಲ್ಲ. ಅದೇನು ಅಂತ ಮುಂದೆ ಹೇಳ್ತೀನಿ.

ಅವನ ಹೆಂಡತಿ ನಾರ್ಮಾ ಒಂದು ಸಲ ಆಫೀಸಿಗೆ ಫೋನ್ ಮಾಡಿದ್ದಳು. ಮಲಗಿದ್ದವನು ಎದ್ದು ಹೋದನಲ್ಲ, ಯಾರಾದರೂ ಕರೆದಿದ್ದರಾ ಅಂತ ಕೇಳಿದಳು. ದಾಖಲೆ ನೋಡಿ ಹೇಳ್ತೀನಿ ಅಂದೆ. ಹೇಳಲಿಲ್ಲ.

* * *

ಮರುವರ್ಷ ಜನವರಿ. ಮತ್ತೆ ಅದೇ ಥರದ ಚಳಿ ಬಂತು.

ವೆಂಡೆಲ್ ಜಾಗಕ್ಕೆ ಬಂದ ಗುತ್ತಿಗೆ ಹುಡುಗನ ಗಾಡಿ ಐಸ್ ಮೇಲೆ ಜಾರಿ ಹಳ್ಳಕ್ಕೆ ಬಿದ್ದಿತ್ತು. ಅವನಿಗೇನೂ ಆಗಿರಲಿಲ್ಲ. ನಾನು ಬೇರೆ ಕೆಲಸಕ್ಕೆ ಅಂತ ಮಿಡ್‌ಲ್ಯಾಂಡ್‌ಗೆ ಬಂದಿದ್ದೆ. ಅದೇ ಬಾವಿ ನಿಂತಿದೆ, ನೀನೇ ಹೋಗು ಅಂತ ಅಪ್ಪಣೆ ಆಯಿತು. ರೂಬೆನ್ ದೂರದಲ್ಲಿದ್ದ, ಬರೋದು ಬೆಳಗಾಗುತ್ತೆ ಅಂದ. ವೆಂಡೆಲ್ ಸತ್ತ ಮೇಲೆ ಕಂಪನಿ ನಿಯಮ ಇನ್ನೂ ಬಿಗಿ ಮಾಡಿತ್ತು. ಇಬ್ಬರು ಇಲ್ಲದೆ ಯಾರೂ ಗಾಡಿಯಿಂದ ಇಳಿಯೋ ಹಾಗಿಲ್ಲ. ರೂಬೆನ್ ಬರೋ ತನಕ ನಾನು ಗಾಡಿಯಲ್ಲೇ ಕಾಯಬೇಕು.

ನಾನು ಬಾವಿ ಮುಟ್ಟಿದಾಗ ರಾತ್ರಿ ಒಂದು ಗಂಟೆ. ಪಿಕಪ್ಪಿನ ಎಂಜಿನ್ ಆಫ್ ಮಾಡದೆ, ಹೀಟರ್ ಹಾಕಿಕೊಂಡು ಕೂತೆ. ಎದುರಿಗೆ ಬಾವಿ. ಕತ್ತೆತ್ತಿ ಇಳಿಸೋ ದೊಡ್ಡ ಕಬ್ಬಿಣದ ಯಂತ್ರ ಕತ್ತು ಬಗ್ಗಿಸಿ ನಿಂತುಬಿಟ್ಟಿತ್ತು. ಬಲಕ್ಕೆ ನೂರು ಹೆಜ್ಜೆ ದೂರದಲ್ಲಿ ಟ್ಯಾಂಕುಗಳು. ನೆಲದ ಮೇಲೆ ಅವತ್ತಷ್ಟೇ ಬಿದ್ದ ತೆಳು ಹಿಮ. ಗಾಳಿ ಮಾತ್ರ ಬೀಸ್ತಾ ಇತ್ತು.

ಹ್ಯೂಸ್ಟನ್ ಕಂಟ್ರೋಲ್ ರೂಮಿನಲ್ಲಿ ಆ ರಾತ್ರಿ ಶಿಫ್ಟ್ ಇದ್ದದ್ದು ಗೀತಾ ಪಾಟೀಲ. ಧಾರವಾಡದವರು. ಬೇರೆಯವರು ಪಕ್ಕದಲ್ಲಿಲ್ಲದಾಗ ನಾವು ಕನ್ನಡದಲ್ಲೇ ಮಾತಾಡ್ತಿದ್ವಿ. ನಾನು ಒಬ್ಬನೇ ಇದ್ದೀನಿ ಅಂತ ಫೋನ್ ಕಟ್ ಮಾಡದೆ ಸ್ಪೀಕರಿನಲ್ಲಿಟ್ಟಿದ್ದರು. ಮಗಳ ಪರೀಕ್ಷೆ, ಅಲ್ಲಿ ಸಿಗೋ ಜೋಳದ ಹಿಟ್ಟು, ಹಿಂಗೆ ಏನೇನೋ ಮಾತು. ಒತ್ತಡ ಇಳಿದಿಲ್ಲ, ಟ್ಯಾಂಕ್ ಮೀಟರ್ ಅಲ್ಲೇ ನಿಂತಿದೆ ಅಂತ ಆಗಾಗ ಸ್ಕ್ರೀನ್ ನೋಡಿ ಹೇಳೋರು.

ಒಂದೂ ನಲವತ್ತರ ಸುಮಾರಿಗೆ...

ಠಣ್.

ಗಾಳಿಗೆ ಯಾವುದೋ ತಂತಿ ಬಡೀತಿದೆ ಅಂದುಕೊಂಡೆ.

ಠಣ್... ಠಣ್...

ತಂತಿ ಇದ್ದಲ್ಲೇ ಬಡಿಯುತ್ತೆ. ಈ ಸದ್ದು ನಡೀತಾ ಇತ್ತು. ಬಾವಿ ಹತ್ತಿರ ಶುರುವಾಯ್ತು, ಆಮೇಲೆ ಸ್ವಲ್ಪ ಈಚೆ, ಆಮೇಲೆ ಇನ್ನೂ ಸ್ವಲ್ಪ ಈಚೆ. ನಡುವೆ ನಾಲ್ಕು ಹೆಜ್ಜೆ ಹಾಕೋವಷ್ಟು ಬಿಡುವು. ನನ್ನ ಗಾಡಿ ಮುಂದೆಯೇ ಪೈಪು ಹಾದುಹೋಗುತ್ತೆ. ಹೆಡ್‌ಲೈಟ್ ಹಾಕಿದೆ. ಪೈಪು ಕಾಣ್ತು, ಹಿಮ ಕಾಣ್ತು. ಬೆಳಕಿನ ಒಳಗೇ, ನನ್ನಿಂದ ಹತ್ತಡಿ ದೂರದಲ್ಲಿ ಠಣ್ ಅಂತು. ಅಲ್ಲಿ ಯಾರೂ ಇರಲಿಲ್ಲ.

ಸದ್ದು ಗಾಡಿ ದಾಟಿ ಮುಂದಕ್ಕೆ ಹೋಯಿತು. ಪೈಪು ರಸ್ತೆ ಅಡಿಗೆ ಇಳಿಯೋ ತಗ್ಗಿನ ಹತ್ತಿರ...

ಠಪ್.

ಅಲ್ಲಿಗೆ ನಿಂತಿತು.

ಗೀತಾ ಅವರಿಗೆ ಏನೂ ಹೇಳಲಿಲ್ಲ. ಹೇಳಿದರೆ ನಿಜ ಆಗಿಬಿಡುತ್ತೇನೋ ಅನ್ನೋ ಭಯ. ಐದು ನಿಮಿಷ ಕಳೆದಿರಬೇಕು, ಅವರೇ ಮಾತಾಡಿದರು.

"ಶ್ರೀಕಂಠ ಸರ್, ಗಾಡಿಯಿಂದ ಇಳಿದೀರೇನ್ರಿ?"

"ಇಲ್ವಲ್ಲ ಗೀತಾ. ಯಾಕೆ?"

"ಮೆಥನಾಲ್ ಪಂಪ್ ಚಾಲೂ ಆಗೇದ್ರಿ. ಇಲ್ಲಿಂದ ನಾ ಹಚ್ಚಾಕ ಬರಂಗಿಲ್ಲ. ಅಲ್ಲೇ ಕೈಯಿಂದ ಹಚ್ಚಬೇಕು ಅದನ್ನ."

"ನಾನು ಸೀಟಲ್ಲೇ ಇದ್ದೀನಿ."

ಅವರ ಕೀಬೋರ್ಡಿನ ಸದ್ದು ನಿಂತಿತು.

"ಹಂಗಾರ... ಅಲ್ಲೆ ಯಾರ್ ಅದಾರ್ರಿ?"

ಆಗಲೇ ಆ ವಾಸನೆ ಬಂದದ್ದು. ಮೊದಲು ಮೆಥನಾಲಿನ ಸಿಹಿಸಿಹಿ ಘಾಟು. ಗಾಜು ಮುಚ್ಚಿದ್ದರೂ ಬರಬಹುದು, ಹೀಟರ್ ಹೊರಗಿನ ಗಾಳಿ ಎಳೀತಿತ್ತು ಅನ್ನಿ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಅಯೋಡೆಕ್ಸ್. ಪಕ್ಕದ ಸೀಟಿನಲ್ಲಿ ಯಾರೋ ಕೂತು ಬಾಯಿ ತೆರೆದ ಹಾಗೆ, ಅಷ್ಟು ಹತ್ತಿರ.

ನಾನು ಪಕ್ಕಕ್ಕೆ ತಿರುಗಲಿಲ್ಲ. ಕತ್ತು ತಿರುಗಿಸೋಕೆ ಆಗಲಿಲ್ಲ.

ಒತ್ತಡ ಇಳೀತಾ ಇದೆ ಅಂತ ಗೀತಾ ಪಿಸುಮಾತಿನಲ್ಲಿ ಹೇಳ್ತಾ ಹೋದರು. ಐಸ್ ಬಿಡ್ತಾ ಇತ್ತು. ಎರಡು ಗಂಟೆ ಹೊತ್ತಿಗೆ ಪೈಪು ಪೂರ್ತಿ ತೆರೆದಿತ್ತು. ಕಂಪನಿಗೆ ಬೇಕಾದದ್ದು ಅದೇ. ಆಗಬೇಕಾದ ಕೆಲಸ ಆಗಿತ್ತು.

ಮುಂದೇನು ಅಂತ ನನಗೆ ಗೊತ್ತಿತ್ತು. ವರದಿ ಬರೆದವನು ನಾನೇ ಅಲ್ಲವೇ?

ಟ್ಯಾಂಕಿನ ಕಡೆಯಿಂದ ಕಬ್ಬಿಣದ ಮೆಟ್ಟಿಲ ಮೇಲೆ ಬೂಟಿನ ಸದ್ದು. ನಿಧಾನ. ವಯಸ್ಸಾದವರು ಪಕ್ಕದ ಕಂಬಿ ಹಿಡಿದು ಹತ್ತೋ ಹಾಗೆ. ಒಂದು... ಎರಡು... ಮೂರು... ಎಣಿಸಬಾರದು ಅಂದುಕೊಂಡೇ ಎಣಿಸಿದೆ. ಹನ್ನೊಂದರ ತನಕ.

ಆಮೇಲೆ ಬಿದ್ದ ಸದ್ದು.

ಕಿರುಚಲಿಲ್ಲ ಯಾರೂ. ಭಾರವಾದ ಮೂಟೆ ಮೆಟ್ಟಿಲಿಗೆ ತಾಗಿ ತಾಗಿ ನೆಲಕ್ಕೆ ಬಂದ ಹಾಗೆ ಇತ್ತು ಅಷ್ಟೇ. ಫೋನಿನಲ್ಲಿ ಗೀತಾ ಉಸಿರೆಳೆದುಕೊಂಡದ್ದು ಕೇಳಿಸಿತು. ಅವರಿಗೂ ಕೇಳಿಸಿದೆ ಅಂತ ಆಗ ಗೊತ್ತಾಯಿತು.

ಮೂರು ನಾಲ್ಕು ನಿಮಿಷ ಏನೂ ಇಲ್ಲ. ಗಾಳಿ ಅಷ್ಟೇ.

ಆಮೇಲೆ ಶುರುವಾಯಿತು. ಠಕ್. ಠಕ್. ಠಕ್.

ಇದು ಮೊದಲಿನ ಬಡಿತ ಅಲ್ಲ, ಎಲ್ಲೂ ನಡೀತಿರಲಿಲ್ಲ. ಒಂದೇ ಕಡೆಯಿಂದ, ನೆಲಕ್ಕೆ ಹತ್ತಿರದಿಂದ ಬರ್ತಿತ್ತು. ಬಿದ್ದವನು ಏಳಲಾರದೆ, ಕೈಗೆ ಸಿಕ್ಕಿದ್ದರಿಂದ ಕಬ್ಬಿಣ ಬಡಿದು ಯಾರನ್ನೋ ಕರೀತಾ ಇದ್ದಾನೆ. ಮೂರು ಬಡಿತ, ಬಿಡುವು. ಮೂರು ಬಡಿತ, ಬಿಡುವು.

"ಗೀತಾ, ನಿಮಗೆ..."

"ಕೇಳಸ್ತದ್ರಿ. ಇಳೀಬ್ಯಾಡ್ರಿ ಸರ್. ಕೈ ಮುಗೀತೀನಿ, ಇಳೀಬ್ಯಾಡ್ರಿ."

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಕೊನೆಗೆ ತಡೆಯೋಕಾಗಲಿಲ್ಲ. ಬಾಗಿಲು ತೆರೆದೆ. ಚಳಿ ಮುಖಕ್ಕೆ ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಒಂದು ಕಾಲು ಕೆಳಗಿಟ್ಟೆ. ಹಿಮ ಕರಕ್ ಅಂತು.

ಬಡಿತ ಒಮ್ಮೆಗೇ ಜೋರಾಯಿತು.

ಠಕ್ ಠಕ್ ಠಕ್ ಠಕ್ ಠಕ್... ಬಿಡುವೇ ಇಲ್ಲದೆ. ಗಾಡಿ ಬಾಗಿಲಿನ ಸದ್ದು ಅದಕ್ಕೆ ಕೇಳಿಸಿತ್ತು. ಯಾರೋ ಬಂದರು ಅಂತ ಆಸೆ ಹುಟ್ಟಿತ್ತು.

ನಾನು ಕಾಲು ಒಳಗೆ ಎಳೆದುಕೊಂಡೆ. ಬಾಗಿಲು ಹಾಕಿದೆ. ಲಾಕ್ ಮಾಡಿದೆ.

ಬಡಿತ ನಿಂತಿತು. ತುಂಬ ಹೊತ್ತು ನಿಂತೇ ಇತ್ತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿನ ಹಾಗೇ ಮೂರು ಮೂರು. ಬರ್ತಾ ಬರ್ತಾ ಎರಡಾಯಿತು. ಆಮೇಲೆ ಒಂದು. ನಡುವಿನ ಬಿಡುವು ಉದ್ದ ಆಗ್ತಾ ಹೋಯಿತು. ಗೀತಾ ಏನೋ ಸ್ತೋತ್ರ ಹೇಳಿಕೊಳ್ತಿದ್ದರು, ನಡುವೆ ನಿಲ್ಲಿಸಿ ಅಳೋರು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ. ಗಾಡಿ ತಿರುಗಿಸಿ ಹೋಗಬಹುದಿತ್ತು. ಆದರೆ ತಿರುಗಿಸಬೇಕಾದರೆ ಟ್ಯಾಂಕಿನ ಹತ್ತಿರ ಹೋಗಿಯೇ ತಿರುಗಿಸಬೇಕು.

ಕೊನೇ ಬಡಿತ ಕೇಳಿಸಿದಾಗ ಡ್ಯಾಶ್‌ಬೋರ್ಡಿನ ಗಡಿಯಾರದಲ್ಲಿ ಮೂರು ಐವತ್ತು.

* * *

ಬೆಳಕು ಹರಿದ ಮೇಲೆ ರೂಬೆನ್ ಬಂದ. ನನ್ನ ಮುಖ ನೋಡಿದ. ಫ್ಲಾಸ್ಕಿನಿಂದ ಕಾಫಿ ಸುರಿದು ಕೈಗೆ ಕೊಟ್ಟ. ರಾತ್ರಿ ಕೇಳಿಸಿದ್ದನ್ನ ಅವನಿಗೆ ಹೇಳಿದೆ.

ಇಬ್ಬರೂ ಇಳಿದು ನೋಡಿದೆವು. ಗಾಡಿ ಬಾಗಿಲ ಕೆಳಗೆ ನನ್ನ ಒಂದು ಕಾಲಿನ ಗುರುತು ಇತ್ತು. ಬೇರೆ ಯಾವ ಹೆಜ್ಜೆಯೂ ಇಲ್ಲ, ಪೈಪಿನ ಪಕ್ಕದಲ್ಲಿ ಮೊಲ ಓಡಿದ ಗುರುತು ಬಿಟ್ಟರೆ. ಮೆಥನಾಲ್ ಪಂಪು ಟಿಕ್ ಟಿಕ್ ಅಂತ ನಡೀತಾ ಇತ್ತು. ಅದರ ಹಿಡಿಕೆ ಮೇಲೆ ಹಿಮ ಹಾಗೇ ಕೂತಿತ್ತು, ಯಾರ ಕೈಯೂ ಸೋಕಿರಲಿಲ್ಲ.

ರೂಬೆನ್ ನನ್ನನ್ನ ಟ್ಯಾಂಕಿನ ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋದ. ಕಂಬದ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಬಣ್ಣ ಎದ್ದು ಹೋದ ಗಾಯಗಳು. ಹತ್ತಲ್ಲ ಇಪ್ಪತ್ತಲ್ಲ, ಒಂದರ ಮೇಲೊಂದು, ಕಬ್ಬಿಣ ತಗ್ಗು ಬೀಳೋ ಹಾಗೆ. ಬಿದ್ದ ತಕ್ಷಣ ಪ್ರಜ್ಞೆ ತಪ್ಪಿದವನು ಹಾಗೆ ಬಡಿಯೋಕಾಗುತ್ತಾ?

"ಹೋದ ವರ್ಷ ಇದನ್ನೇ ನಿನಗೆ ಹೇಳಿದ್ದು," ಅಂದ ರೂಬೆನ್. "ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು ಅಂತಲೂ ಹೇಳಿದ್ದೆ."

ಹೇಳಿದ್ದ. ನಾನು ಬರೆಯದೆ ಬಿಟ್ಟದ್ದು ಅದೇ.

ಒಂದು ವರ್ಷ ಮಳೆ ಬಿಸಿಲಿಗೆ ನಿಂತ ಕಬ್ಬಿಣ ತುಕ್ಕು ಹಿಡಿಯಬೇಕು. ಆ ಗಾಯಗಳು ಹೊಸ ಪಾತ್ರೆ ಹಾಗೆ ಬೆಳ್ಳಗೆ ಹೊಳೀತಿದ್ದವು. ನಾನು ಫೋನ್ ತೆಗೆದು ಫೋಟೋ ಹೊಡೆಯೋಕೆ ಹೋದೆ. ರೂಬೆನ್ ನನ್ನ ಕೈ ಕೆಳಗಿಳಿಸಿದ. ಟೋಪಿ ತೆಗೆದು ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಹೋಗಿ ಬಾವಿ ಸ್ಟಾರ್ಟ್ ಮಾಡಿದ.

ಆ ಚಳಿಯಲ್ಲಿ ನಮ್ಮ ಕಂಪನಿಯ ಬಾವಿಗಳಲ್ಲಿ ಬೆಳಿಗ್ಗೆಗೇ ಶುರುವಾದದ್ದು ಅದೊಂದೇ. ಹ್ಯೂಸ್ಟನ್‌ನಲ್ಲಿ ನನ್ನನ್ನ ನಿಲ್ಲಿಸಿ ಚಪ್ಪಾಳೆ ಹೊಡೆದರು. ನಿಯಮ ಮುರಿಯದೆ, ತಾಳ್ಮೆಯಿಂದ, ಒಬ್ಬರಿಗೂ ಅಪಾಯ ಆಗದ ಹಾಗೆ ಬಾವಿ ಉಳಿಸಿದೆ ಅಂತ. ಗಾಜಿನದೊಂದು ಫಲಕ ಕೊಟ್ಟರು. ಬೇಡ ಅನ್ನಬೇಕಿತ್ತು. ಕೈಚಾಚಿ ತಗೊಂಡೆ.

ಗೀತಾ ರಾತ್ರಿ ಶಿಫ್ಟ್ ಬಿಟ್ಟರು. ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಲ್ಲಿ ಒಂದು ಸಲ ಸಿಕ್ಕರು, ಗಂಡ ಮಗಳು ಜೊತೆಗಿದ್ದರು. ಅದೂ ಇದೂ ಮಾತಾಡಿದೆವು. ಅವರಿಬ್ಬರೂ ಕಾರಿಗೆ ಸಾಮಾನು ಇಡೋಕೆ ಆಚೆ ಹೋದಾಗ ಗೀತಾ ದನಿ ತಗ್ಗಿಸಿ ಕೇಳಿದರು.

"ನಾ ಇಳೀಬ್ಯಾಡ್ರಿ ಅಂದದ್ದು ತಪ್ಪಾತೇನ್ರಿ ಸರ್? ನೀವು ಹೋಗಿದ್ರ... ಅಂವಾ ಎದ್ದು ಹೋಗ್ತಿದ್ನೇನೋ ಅಂತ ಅನಸ್ತದ."

ನೀವು ಅನ್ನದಿದ್ದರೂ ನಾನು ಇಳೀತಿರಲಿಲ್ಲ ಅಂದೆ. ಅದು ನಿಜವೇ.

ನಾರ್ಮಾ ಮನೆ ಮಾರಿ, ಆಸ್ಟಿನ್ ಹತ್ತಿರ ಸೀಡರ್ ಪಾರ್ಕ್‌ನಲ್ಲಿ ಮಗಳ ಮನೆಗೆ ಬಂದಿದ್ದಾಳೆ ಅಂತ ರೂಬೆನ್ ಹೇಳಿದ್ದ. ಆ ಏಪ್ರಿಲ್‌ನಲ್ಲಿ ಹೋದೆ. ಒಂದೇ ಥರದ ಮನೆಗಳ ಸಾಲು, ಗ್ಯಾರೇಜ್ ಮುಂದೆ ಮಕ್ಕಳ ಸೈಕಲ್ಲು. ಒಳಗೆ ಕೂರಿಸಿ ಐಸ್ ಹಾಕಿದ ಟೀ ಕೊಟ್ಟಳು. ಆ ರಾತ್ರಿ ಫೋನ್ ಮಾಡಿದ್ದು ನಾನೇ, ಅವನು ಬೇಡ ಅಂದರೂ ಕಳಿಸಿದ್ದು ನಾನೇ, ವರದಿಯಿಂದ ಆ ಸಾಲು ತೆಗೆದದ್ದೂ ನಾನೇ ಅಂತ ಹೇಳಿದೆ. ಬರೆದು ಸಹಿ ಹಾಕಿ ತಂದಿದ್ದ ಕಾಗದವನ್ನ ಮೇಜಿನ ಮೇಲಿಟ್ಟೆ.

ಅವಳು ಕಾಗದ ಮುಟ್ಟಲಿಲ್ಲ.

"ನನಗೆ ಗೊತ್ತಿತ್ತು," ಅಂದಳು. "ಫೋನಿನಲ್ಲಿ ನಿನ್ನ ದನಿ ನನ್ನ ದಿಂಬಿನ ತನಕ ಕೇಳಿಸ್ತಿತ್ತು. ನೀನು ಹೇಳ್ತೀಯಾ ಅಂತ ನೋಡ್ತಿದ್ದೆ."

ಎದ್ದು ಹೊರಡೋಣ ಅಂತಿದ್ದೆ. ಆಗ ಕೇಳಿದಳು.

"ಅವನಿಗೆ ತಕ್ಷಣ ಜೀವ ಹೋಯ್ತು ಅಲ್ವಾ? ಒದ್ದಾಡಲಿಲ್ಲ ಅಲ್ವಾ?"

ನಿಜ ಹೇಳೋಕೆ ಅಂತಲೇ ಮೂರು ಗಂಟೆ ಡ್ರೈವ್ ಮಾಡಿ ಹೋದವನು ನಾನು.

"ಇಲ್ಲ," ಅಂದೆ. "ಒದ್ದಾಡಲಿಲ್ಲ. ತಕ್ಷಣ."

ಅವಳು ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಬಾಗಿಲ ತನಕ ಬಂದು ಕಳಿಸಿಕೊಟ್ಟಳು. ಆ ಕಾಗದದ ಇನ್ನೊಂದು ಪ್ರತಿಯನ್ನ ಕಂಪನಿಗೂ ಕೊಟ್ಟೆ, ಏನೂ ಆಗಲಿಲ್ಲ. ನನ್ನನ್ನ ಬೇರೆ ಸೀಟಿಗೆ ಹಾಕಿದರು, ಅಷ್ಟೇ. ಆ ಬಾವಿ ಈಗಲೂ ನಡೀತಾ ಇದೆ.

ಆ ರಾತ್ರಿ ಅಲ್ಲಿದ್ದದ್ದು ವೆಂಡೆಲ್ಲೋ, ಇನ್ನೇನೋ, ನನಗೆ ಗೊತ್ತಿಲ್ಲ. ದೆವ್ವ ಅನ್ನೋಕೂ ಮನಸ್ಸು ಬರೋದಿಲ್ಲ. ನನ್ನನ್ನ ಹೆದರಿಸೋಕೆ ಅದು ಬಂದಿರಲಿಲ್ಲ. ತನ್ನ ಕೆಲಸ ಮಾಡಿತು, ಬಿತ್ತು, ಕರೆಯಿತು. ನೂರು ಹೆಜ್ಜೆ ದೂರದಲ್ಲಿ ಹೀಟರ್ ಹಾಕಿಕೊಂಡು ನಾನು ಕೂತಿದ್ದೆ.

ಈ ವರ್ಷವೂ ಚಳಿ ಬರುತ್ತೆ. ಅಲ್ಲಿಗೆ ಯಾರು ಹೋಗ್ತಾರೋ ನಾನು ಕೇಳೋದಿಲ್ಲ... ಎರಡು ಗಂಟೆಗೆ ಮಾತ್ರ ಎಚ್ಚರ ಆಗುತ್ತೆ. ಮೂರು ಐವತ್ತರ ತನಕ ನಿದ್ದೆ ಬರೋದಿಲ್ಲ.